ತುತ್ತೂರಿಗಿಂತ ಪೆಟ್ಟಿಗೆ ಮುಖ್ಯ: ಸಿಲಿಂಡರಿಗೊಂದು ಥ್ರಾಟಲ್ ಇರುವ ಕಾರಿನ ಗಾಳಿದಾರಿ

ಪ್ರಶ್ನೆ: ಹಳೆಯ ಮಾರುತಿ ಎಸ್ಟೀಮ್‌ನ 1298 ಸಿಸಿ, 16 ವಾಲ್ವ್ ಎಂಜಿನ್ ಇಟ್ಟುಕೊಂಡು ಎರಡು ಸೀಟಿನ ಟ್ರ್ಯಾಕ್ ಕಾರು ಕಟ್ಟುತ್ತಿದ್ದೇನೆ. ದೊಡ್ಡ ಬೈಕೊಂದರ ನಾಲ್ಕು ಥ್ರಾಟಲ್ ಬಾಡಿಗಳನ್ನು (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಕವಾಟದ ಕೊಳವೆಗಳನ್ನು) ಜೋಡಿಸಿಯಾಗಿದೆ. ಟ್ರಂಪೆಟ್‌ಗಳನ್ನು (ಥ್ರಾಟಲ್‌ಗಳ ಹೊರತುದಿಯ ತುತ್ತೂರಿಯಾಕಾರದ ಕೊಳವೆಗಳನ್ನು) ಬಾನೆಟ್ಟಿನಡಿ ತೆರೆದೇ ಬಿಟ್ಟು, ಒಂದೊಂದಕ್ಕೂ ಫೋಮ್ ಟೋಪಿ ಹಾಕಿದರೆ ಸಾಕು ಎನ್ನುತ್ತಾರೆ ಗೆಳೆಯರು. ಟ್ರಂಪೆಟ್ ಎಷ್ಟು ಉದ್ದವಿರಬೇಕು? ಏರ್‌ಬಾಕ್ಸ್ (ಟ್ರಂಪೆಟ್‌ಗಳ ಬಾಯಿಗಳನ್ನೆಲ್ಲ ಒಳಗೊಳ್ಳುವ ಗಾಳಿಪೆಟ್ಟಿಗೆ) ನಿಜವಾಗಿಯೂ ಬೇಕೇ? – ಓದುಗರು, ಬದಿಯಡ್ಕ

ಉತ್ತರ: ಏರ್‌ಬಾಕ್ಸ್ ಬೇಕೇ ಬೇಕು. ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತಿರುವುದಕ್ಕೆ ಕಾರಣವಿದೆ: ಎಲ್ಲರೂ ಟ್ರಂಪೆಟ್‌ನ ಉದ್ದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ, ಶಕ್ತಿ ಸೋರುವುದು ಮಾತ್ರ ಬೇರೆ ಕಡೆ.

ಬಾನೆಟ್ಟಿನಡಿಯ ಗಾಳಿ ರೇಡಿಯೇಟರ್ ಮತ್ತು ಎಕ್ಸಾಸ್ಟ್‌ನ ಬಿಸಿಗೆ ಸುಲಭವಾಗಿ 60 ಡಿಗ್ರಿ ಮುಟ್ಟುತ್ತದೆ. ಹೊರಗೆ 32 ಡಿಗ್ರಿ ಇರುವಾಗ 60 ಡಿಗ್ರಿಯ ಗಾಳಿ ಸೇದಿದರೆ ಅದರ ಸಾಂದ್ರತೆ ನೂರಕ್ಕೆ ಎಂಟರಷ್ಟು ಕಡಿಮೆ. ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಮುಂಭಾಗದಲ್ಲಿ ತೂತು ಕೊರೆದು ‘ರ‍್ಯಾಮ್ ಏರ್’ ತುಂಬಿಸುತ್ತೇವೆ ಎನ್ನುವವರ ಲೆಕ್ಕವನ್ನೂ ನೋಡಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯಿಂದ ಸಿಗುವ ಹೆಚ್ಚುವರಿ ಒತ್ತಡ ವಾತಾವರಣದ ಒತ್ತಡದ ನೂರಕ್ಕೆ ಅರ್ಧ ಭಾಗವೂ ಇಲ್ಲ. 200 ಕಿ.ಮೀ.ಗೆ ಹೋದರೂ ಎರಡು ಭಾಗ ದಾಟದು. ಆದ್ದರಿಂದ ತಣ್ಣನೆಯ ಗಾಳಿ ಸಿಗುವ ಕಡೆಯಿಂದ ಸಾಕಷ್ಟು ಅಗಲವಾದ ಕೊಳವೆ ತನ್ನಿ. ಗಾಳಿಯನ್ನು ಬಲವಂತವಾಗಿ ನುಗ್ಗಿಸುವ ಆಸೆ ಬಿಡಿ.

ಅಗಲ ಎಷ್ಟು? 7000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 7000 ಸುತ್ತು) ನಿಮ್ಮ ಎಂಜಿನ್ ಸೆಕೆಂಡಿಗೆ ಸುಮಾರು 75 ಲೀಟರ್ ಗಾಳಿ ಕುಡಿಯುತ್ತದೆ. 75 ಮಿ.ಮೀ. ವ್ಯಾಸದ ಕೊಳವೆಯಲ್ಲಿ ಅದು ಸೆಕೆಂಡಿಗೆ 17 ಮೀಟರ್ ವೇಗದಲ್ಲಿ ಸಾಗುತ್ತದೆ. 50 ಮಿ.ಮೀ. ಕೊಳವೆಯಾದರೆ ವೇಗ ಎರಡು ಪಟ್ಟು ಮೀರುತ್ತದೆ, ಒತ್ತಡದ ನಷ್ಟವಂತೂ ಐದು ಪಟ್ಟು. ಸಣ್ಣ ಕೊಳವೆ ಬೇಡ.

ಇನ್ನು ಫೋಮ್ ಟೋಪಿ. ನಮ್ಮ ಕಡೆಯ ಮುರಕಲ್ಲಿನ ಕೆಂಪು ಧೂಳು ತೀರಾ ನುಣುಪು. ಎಣ್ಣೆ ಆರಿದ ಫೋಮಿನ ಮೂಲಕ ಸಲೀಸಾಗಿ ಒಳಹೋಗಿ ಸಿಲಿಂಡರ್ ಗೋಡೆಯನ್ನು ಸವೆಸುತ್ತದೆ. ಕೆಲವು ಆರ್‌ಪಿಎಂಗಳಲ್ಲಿ ಪೆಟ್ರೋಲ್ ಮಂಜು ಟ್ರಂಪೆಟ್‌ನಿಂದ ಹಿಂದಕ್ಕೆ ಉಗುಳಲ್ಪಡುವುದೂ ಉಂಟು. ಅದು ಫೋಮಿನಲ್ಲಿ ಇಂಗಿ ನಿಂತರೆ ಬೆಂಕಿಯ ಅಪಾಯ. ಫೋಮ್ ಬಾಯಿಗೆ ಅಂಟಿಕೊಂಡಿದ್ದರೆ ಗಾಳಿ ಒಳಬರುವ ಹರಿವೂ ಕೆಡುತ್ತದೆ. ಬಿಎಂಡಬ್ಲ್ಯು ಇ46 ಎಂ3 ಕಾರಿನ ಆರು ಥ್ರಾಟಲ್‌ಗಳಾಗಲಿ, ಟೊಯೋಟಾ 4ಎ-ಜಿಇ 20 ವಾಲ್ವ್ ಎಂಜಿನ್ನಿನ ನಾಲ್ಕಾಗಲಿ, ಕಾರ್ಖಾನೆಯಿಂದ ಹೊರಬಂದದ್ದು ಒಂದೇ ಪೆಟ್ಟಿಗೆಯೊಳಗೆ ಬಾಯಿ ತೆರೆದುಕೊಂಡೇ.

ಈಗ ಉದ್ದ. ಪಿಸ್ಟನ್ ಕೆಳಗಿಳಿದು ಗಾಳಿ ಎಳೆದಾಗ ಕಡಿಮೆ ಒತ್ತಡದ ಅಲೆಯೊಂದು ವಾಲ್ವ್‌ನಿಂದ ಹೊರಬಾಯಿಯತ್ತ ಓಡುತ್ತದೆ. ತೆರೆದ ಬಾಯಿ ತಲುಪಿದೊಡನೆ ಹೆಚ್ಚಿನ ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ವಾಲ್ವ್ ಮುಚ್ಚುವ ಮೊದಲು ಅದು ಬಂದು ಮುಟ್ಟಿದರೆ ಇನ್ನಷ್ಟು ಗಾಳಿಯನ್ನು ಒಳದೂಡುತ್ತದೆ. ಈ ಹೋಗಿಬರುವ ಪಯಣಕ್ಕೆ ಕ್ರ್ಯಾಂಕ್‌ನ 90 ಡಿಗ್ರಿ (ಎಂಜಿನ್ನಿನ ದಂಡ ಕಾಲು ಸುತ್ತು ತಿರುಗುವಷ್ಟು ಹೊತ್ತು) ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 7000 ಆರ್‌ಪಿಎಂನಲ್ಲಿ ಅದು 2.14 ಮಿಲಿಸೆಕೆಂಡ್. 31 ಡಿಗ್ರಿಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 350 ಮೀಟರ್. ಹಾಗಾದರೆ ವಾಲ್ವ್‌ನಿಂದ ಬಾಯಿಯವರೆಗೆ ಸುಮಾರು 37 ಸೆಂ.ಮೀ. ಬೇಕು. 6000ಕ್ಕೆ ಲೆಕ್ಕ ಹಾಕಿದರೆ 44, 8000ಕ್ಕೆ 33. ಹೆಡ್‌ನೊಳಗಿನ ಪೋರ್ಟ್ (ಗಾಳಿದಾರಿ), ಅದನ್ನು ಥ್ರಾಟಲ್‌ಗೆ ಜೋಡಿಸುವ ಮ್ಯಾನಿಫೋಲ್ಡ್, ಥ್ರಾಟಲ್ ಬಾಡಿ ಇವಿಷ್ಟನ್ನು ಕಳೆದು ಉಳಿದದ್ದು ಟ್ರಂಪೆಟ್‌ನ ಪಾಲು. ಇದು ಆರಂಭದ ಅಂದಾಜು ಮಾತ್ರ. ಎರಡು ಮೂರು ಉದ್ದಗಳನ್ನು ಮಾಡಿಸಿಕೊಂಡು ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಹೋಲಿಸಿ ನೋಡಿ. ಬಾಯಿಯ ಅಂಚನ್ನು ಹೊರಕ್ಕೆ ದುಂಡಗೆ ಮಡಚಿಸಿ. ಕೊಳವೆಯ ವ್ಯಾಸದ ಕಾಲು ಭಾಗದಷ್ಟು ತ್ರಿಜ್ಯವಿದ್ದರೆ ಒಳ್ಳೆಯದು.

ಈ ಲೆಕ್ಕವೆಲ್ಲ ನಿಂತಿರುವುದು ಬಾಯಿಯ ಹೊರಗೆ ಬಯಲಿದೆ ಎಂಬ ನಂಬಿಕೆಯ ಮೇಲೆ. ಪೆಟ್ಟಿಗೆ ಇಕ್ಕಟ್ಟಾದರೆ ಅಲೆಗೆ ಬಯಲು ಸಿಗದು, ಒಂದು ಸಿಲಿಂಡರಿನ ಎಳೆತ ಪಕ್ಕದ್ದನ್ನು ಕಾಡುತ್ತದೆ. ಎಂಜಿನ್ ಸಾಮರ್ಥ್ಯದ ಒಂದೂವರೆ ಪಟ್ಟು ಎಂಬುದು ರೂಢಿಯಲ್ಲಿರುವ ಕನಿಷ್ಠ ಗಾತ್ರ. ನಿಮಗೆ ಅದು 2 ಲೀಟರ್. ಜಾಗವಿದ್ದರೆ 4 ಲೀಟರ್ ಮಾಡಿ. ಬಾಯಿಗೂ ಎದುರು ಗೋಡೆಗೂ ನಡುವೆ ಕನಿಷ್ಠ ಬಾಯಿಯ ವ್ಯಾಸದಷ್ಟು ಅಂತರ ಬಿಡಿ. ತೆಳು ತಗಡು ಬೇಡ, ಎಳೆತಕ್ಕೆ ಅದುರುತ್ತದೆ. ಏಣುಗಳಿರುವ ಫೈಬರ್ ಗ್ಲಾಸ್ ಉತ್ತಮ. ಪೆಟ್ಟಿಗೆಯೊಳಗೆ ಸಡಿಲವಾಗಬಲ್ಲ ಒಂದು ನಟ್ಟೂ ಇರಬಾರದು, ಬಿದ್ದರೆ ನೇರವಾಗಿ ಸಿಲಿಂಡರಿಗೆ ಹೋಗುತ್ತದೆ.

ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಕೊಳವೆಯ ಬಾಯಿಯನ್ನು ಬಂಪರಿನ ಕೆಳಗೆ ಇಡುವುದು ಎಂಜಿನ್ನಿಗೆ ನೀರು ಕುಡಿಸಿದಂತೆ. ಮೇಲಕ್ಕೆ ತನ್ನಿ, ಪೆಟ್ಟಿಗೆಯ ತಳದಲ್ಲಿ ನೀರಿಳಿಯಲು ಸಣ್ಣ ತೂತು ಬಿಡಿ. ಇನ್ನೊಂದು ಮಾತು: ನೋಂದಾಯಿತ ಕಾರಿನಲ್ಲಿ ಇಂತಹ ಬದಲಾವಣೆ ಮಾಡಿ ರಸ್ತೆಗಿಳಿಸಿದರೆ ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಟ್ರ್ಯಾಕಿಗೆ ಲಾರಿಯಲ್ಲಿ ಹೇರಿಕೊಂಡೇ ಒಯ್ಯಿರಿ.

ಪ್ರಶ್ನೆ: ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ನಾಲ್ಕು ಥ್ರಾಟಲ್‌ಗಳ ಕಾರನ್ನು ಇಲ್ಲಿಗೆ ತಂದ ಮೇಲೆ ಕಪ್ಪು ಹೊಗೆ ಬರುತ್ತಿದೆ, ಪ್ಲಗ್‌ಗಳಿಗೆ ಮಸಿ ಹಿಡಿಯುತ್ತಿದೆ. ಐಡಲಿಂಗ್ ಕೂಡ ನಿಲ್ಲುತ್ತಿಲ್ಲ. – ಓದುಗರು, ಹೊಸೂರು

ಉತ್ತರ: ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ನಿಮ್ಮ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟಿದೆ ಎಂಬುದನ್ನಷ್ಟೇ ನೋಡಿ ಪೆಟ್ರೋಲ್ ಅಳೆಯುತ್ತಿರಬೇಕು. ಗಾಳಿ ತೆಳುವಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ, ಹಾಗಾಗಿ ಪೆಟ್ರೋಲ್ ಹೆಚ್ಚಾಗಿ ಹೊಗೆಯೂ ಮಸಿಯೂ ಬರುತ್ತವೆ. ವಾತಾವರಣದ ಒತ್ತಡ ಅಳೆಯುವ ಸೆನ್ಸರ್ ಸೇರಿಸಿ, ಅದರ ತಿದ್ದುಪಡಿಯನ್ನು ಇಸಿಯುನಲ್ಲಿ ಚಾಲೂ ಮಾಡಿಸಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ದರೂ ಆಗ ಮತ್ತೆ ಟ್ಯೂನ್ ಮಾಡಬೇಕಿಲ್ಲ. ಐಡಲಿಂಗ್‌ಗೆ ಬೇರೆ ಮದ್ದು: ನಾಲ್ಕೂ ಥ್ರಾಟಲ್‌ಗಳು ಸಮನಾಗಿ ಗಾಳಿ ಬಿಡುತ್ತಿವೆಯೇ ಎಂದು ಗಾಳಿಹರಿವಿನ ಮೀಟರ್ ಇಟ್ಟು ಒಂದೊಂದನ್ನೂ ಸರಿಹೊಂದಿಸಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮಾಡಿ, ತಣ್ಣಗಿರುವಾಗಿನ ಹೊಂದಾಣಿಕೆ ನಿಲ್ಲುವುದಿಲ್ಲ.

ಪ್ರಶ್ನೆ: ಒಂದು ಥ್ರಾಟಲ್ ತೆಗೆದು ನಾಲ್ಕು ಹಾಕಿಸಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದೆ. – ಓದುಗರು, ಉಪ್ಪಳ

ಉತ್ತರ: ಇದನ್ನು ಮೊದಲು ಸರಿಪಡಿಸಿ, ಉಳಿದದ್ದೆಲ್ಲ ಆಮೇಲೆ. ಬ್ರೇಕ್ ಬೂಸ್ಟರ್ (ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಭಾಗ) ಕೆಲಸ ಮಾಡುವುದು ಮ್ಯಾನಿಫೋಲ್ಡ್‌ನ ನಿರ್ವಾತದಿಂದ. ಒಂದೇ ಸಿಲಿಂಡರಿನ ಕೊಳವೆಯಿಂದ ಪೈಪ್ ಎಳೆದರೆ ಅದು ಸಾಲದು. ನಾಲ್ಕೂ ಥ್ರಾಟಲ್‌ಗಳ ಎಂಜಿನ್ ಬದಿಯಿಂದ ಸಣ್ಣ ಪೈಪ್‌ಗಳನ್ನು ಒಂದು ಡಬ್ಬಿಗೆ ತಂದು, ಅಲ್ಲಿಂದ ಒಮ್ಮುಖ ವಾಲ್ವ್ ಮೂಲಕ ಬೂಸ್ಟರಿಗೆ ಕೊಡಿ. ಜೋಡಿಸಿದ ಮೇಲೆ ಎಂಜಿನ್ ನಿಲ್ಲಿಸಿ, ಪೆಡಲನ್ನು ಗಟ್ಟಿಯಾಗುವವರೆಗೆ ಕೆಲವು ಸಲ ತುಳಿಯಿರಿ. ಕಾಲು ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಕಾರನ್ನು ಹೊರತೆಗೆಯಬೇಡಿ.