ದೋಣಿಯ ಬ್ಯಾಟರಿ ಚಾರ್ಜಿಂಗ್: ಕೊಳೆತ ಮೊಟ್ಟೆಯ ವಾಸನೆ ಬಂದರೆ ಏನರ್ಥ?

ಪ್ರಶ್ನೆ: ನಮ್ಮ ಸಣ್ಣ ದೋಣಿಯ ಕ್ಯಾಬಿನ್‌ನಲ್ಲಿ, ಮಲಗುವ ಹಲಗೆಯ ಕೆಳಗೆ 12 ವೋಲ್ಟಿನ ಎರಡು ಲೆಡ್ ಆಸಿಡ್ ಬ್ಯಾಟರಿಗಳನ್ನು ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿದ್ದೇನೆ. ದಡಕ್ಕೆ ಬಂದಾಗ ಕಾರಿನ ಹಳೇ ಚಾರ್ಜರ್ ಹಾಕಿ ರಾತ್ರಿಯಿಡೀ ಬಿಡುತ್ತೇನೆ. ಈಚೆಗೆ ಬೆಳಿಗ್ಗೆ ಕೊಳೆತ ಮೊಟ್ಟೆಯ ವಾಸನೆ. ಒಂದು ಬ್ಯಾಟರಿಯಂತೂ ಕೈಯಿಡಲಾಗದಷ್ಟು ಬಿಸಿ. ಮೇಲಿನ ಹಲಗೆ ತೆಗೆದಿಟ್ಟು ಚಾರ್ಜ್ ಮಾಡಿದರೆ ಸಾಕೆ?

ಉತ್ತರ: ಸಾಲದು. ಆ ಬ್ಯಾಟರಿಗೆ ಇನ್ನು ಚಾರ್ಜರ್ ಹಾಕಲೇಬೇಡಿ, ಆ ಕ್ಯಾಬಿನ್‌ನಲ್ಲಿ ಮಲಗಲೂ ಬೇಡಿ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು, ಅದು ವಿಷ. ಸ್ವಲ್ಪ ಹೊತ್ತು ಅದರ ನಡುವೆ ಇದ್ದರೆ ಮೂಗು ಮರಗಟ್ಟುತ್ತದೆ. 'ಈಗ ವಾಸನೆ ಇಲ್ಲ' ಎಂದು ಒಳಗೇ ಕೂತವರಿಗೇ ಹೆಚ್ಚು ಅಪಾಯ.

ಮುಂದೆಂದಾದರೂ ಚಾರ್ಜ್ ಆಗುವಾಗ ಆ ವಾಸನೆ ಬಂದರೆ ಮೊದಲು ದಡದ ಕಡೆಯ ಸ್ವಿಚ್ ಆರಿಸಿ. ಬ್ಯಾಟರಿಯ ಮೇಲಿನ ಕ್ಲಿಪ್ ಕೀಳಬೇಡಿ, ಕಿಡಿ ಹಾರುವುದು ಅಲ್ಲೇ. ಕ್ಯಾಬಿನ್ನಿನ ಬಾಗಿಲು, ಕಿಟಕಿಗಳನ್ನೆಲ್ಲ ತೆರೆದು ಹೊರಗೆ ಬನ್ನಿ.

ಬಹಳ ಜನ ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಚಾರ್ಜರ್ ಆರಿಸಿದ ಮಾತ್ರಕ್ಕೆ ನಿಮ್ಮ ಬ್ಯಾಟರಿ ತಣ್ಣಗಾಗುವುದಿಲ್ಲ. 12 ವೋಲ್ಟಿನ ಬ್ಯಾಟರಿ ಎಂದರೆ ತಲಾ ಸುಮಾರು 2 ವೋಲ್ಟಿನ ಆರು ಸೆಲ್. ನಿಮ್ಮ ಬಿಸಿ ಬ್ಯಾಟರಿಯಲ್ಲಿ ಒಂದು ಸೆಲ್ ಶಾರ್ಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಆಗ ಚಾರ್ಜರಿನ 14.4 ವೋಲ್ಟ್ ಐದೇ ಸೆಲ್‌ಗಳ ಮೇಲೆ ಬೀಳುತ್ತದೆ, ತಲಾ 2.88 ವೋಲ್ಟ್. ಸೆಲ್ ಒಂದಕ್ಕೆ 2.4 ವೋಲ್ಟ್ ದಾಟುತ್ತಿದ್ದಂತೆ ನೀರು ಒಡೆದು ಗ್ಯಾಸ್ ಏಳುವುದು ಜೋರಾಗುತ್ತದೆ, ಹಾಗಾಗಿ ಒಳಗೆ ಕುದಿತವೇ. ಚಾರ್ಜರ್ ನಿಂತ ಮೇಲೂ ಪಕ್ಕದ ಒಳ್ಳೆಯ ಬ್ಯಾಟರಿ ಈ ಕೆಟ್ಟದ್ದಕ್ಕೆ ಕರೆಂಟ್ ಸುರಿಯುತ್ತಲೇ ಇರುತ್ತದೆ. ಆದ್ದರಿಂದ ಗಾಳಿ ಚೆನ್ನಾಗಿ ಆಡಿದ ಮೇಲೆ, ಕನ್ನಡಕ, ಗ್ಲೌಸ್ ಹಾಕಿಕೊಂಡು, ಉಂಗುರ ತೆಗೆದಿಟ್ಟು, ಎರಡರ ನಡುವಿನ ಕೇಬಲ್ ಬಿಚ್ಚಿ, ನೆಗೆಟಿವ್ ಮೊದಲು. ಕೆಲವು ಗಂಟೆ ಬಿಟ್ಟು ಒಂದೊಂದನ್ನೂ ಮಲ್ಟಿಮೀಟರಿನಲ್ಲಿ ನೋಡಿ. ತುಂಬಿದ ಒಳ್ಳೆಯ ಬ್ಯಾಟರಿ 12.6ರಿಂದ 12.7 ತೋರಿಸುತ್ತದೆ. 10.5ರ ಆಸುಪಾಸು ನಿಂತರೆ ಒಂದು ಸೆಲ್ ಹೋಗಿದೆ, ಆ ಬ್ಯಾಟರಿ ಗುಜರಿಗೆ. ರಿಪೇರಿ ಮಾಡಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ.

ಇನ್ನು ಹಲಗೆಯ ವಿಚಾರ. ಚಾರ್ಜಿಂಗ್‌ನ ಕೊನೆ ಹಂತದಲ್ಲಿ ಒಳ್ಳೆಯ ಬ್ಯಾಟರಿಯಿಂದಲೂ ಹೈಡ್ರೋಜನ್ ಬರುತ್ತದೆ. ಇದಕ್ಕೆ ವಾಸನೆ ಇಲ್ಲ. ಗಾಳಿಯಲ್ಲಿ 4%ರಷ್ಟು ಸೇರಿದರೆ ಒಂದು ಕಿಡಿ ಸಾಕು. ಅದು ಗಾಳಿಗಿಂತ ಬಹಳ ಹಗುರ. ಹಲಗೆ ತೆಗೆದರೆ ನೇರ ಮೇಲೆದ್ದು ಕ್ಯಾಬಿನ್ನಿನ ಸೂರಿನಡಿ, ದೀಪದ ಸ್ವಿಚ್ಚಿನ ಹತ್ತಿರ ಕೂರುತ್ತದೆ. ಬ್ಯಾಟರಿಗೆ ಮುಚ್ಚಳವಿರುವ ಪೆಟ್ಟಿಗೆ ಮಾಡಿಸಿ, ಅದರ ಅತಿ ಎತ್ತರದ ಜಾಗದಿಂದ ಒಂದು ಪೈಪ್ ಏರುಮುಖವಾಗಿಯೇ ದೋಣಿಯ ಹೊರಗೆ ಹೋಗಲಿ. ಹೊಸ ಗಾಳಿ ಬರಲು ತಳದಲ್ಲಿ ಒಂದು ತೂತಿರಲಿ. ಚಾರ್ಜರನ್ನು ಆ ಪೆಟ್ಟಿಗೆಯೊಳಗಾಗಲಿ, ಬ್ಯಾಟರಿಯ ನೇರ ಮೇಲಾಗಲಿ ಕೂರಿಸಬೇಡಿ.

ಹಳೇ ಚಾರ್ಜರನ್ನು ಬಿಡಲೇಬೇಕು. ಅದರಲ್ಲಿ ವೋಲ್ಟೇಜ್ ಹಿಡಿದಿಡುವ ವ್ಯವಸ್ಥೆ ಇಲ್ಲದಿದ್ದರೆ ಬ್ಯಾಟರಿ ತುಂಬಿದ ಮೇಲೂ ಏರುತ್ತಲೇ ಹೋಗಿ 15 ವೋಲ್ಟ್ ದಾಟುತ್ತದೆ. ದೋಣಿಗೆಂದೇ ಮಾಡಿದ, ಮೂರು ಹಂತದ (ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ತುಂಬಿಸಿ, ತುಂಬಿದ ಮೇಲೆ ವೋಲ್ಟೇಜ್ ಇಳಿಸುವ) ಚಾರ್ಜರ್ ತನ್ನಿ. ನೀರು ಹಾಕುವ ಬ್ಯಾಟರಿಗೆ ಚಾರ್ಜ್ ಆಗುವಾಗ ಸಾಮಾನ್ಯವಾಗಿ 14.4ರಿಂದ 14.8 ವೋಲ್ಟ್, ತುಂಬಿದ ಮೇಲೆ ಸುಮಾರು 13.5; ಆಸಿಡ್ ಲೋಳೆಯಂತಿರುವ ಜೆಲ್ ಬ್ಯಾಟರಿಗೆ ಚಾರ್ಜ್ ಆಗುವಾಗ 14.1ರ ಹತ್ತಿರ. ಬ್ಯಾಟರಿ ತಯಾರಕರು ಕೊಟ್ಟ ಅಂಕಿಯೇ ಅಂತಿಮ. ತಾಪಮಾನ ನೋಡುವ ಸೆನ್ಸರ್ ಇರುವುದನ್ನೇ ಕೊಳ್ಳಿ. 25 ಡಿಗ್ರಿಗೆ 14.4 ಸರಿಯಾದರೆ, ಎಂಜಿನ್ ಪಕ್ಕದ 40 ಡಿಗ್ರಿಯಲ್ಲಿ ಅದು 14.0ರ ಸುಮಾರಿಗೆ ಇಳಿಯಬೇಕು.

ಪ್ರಶ್ನೆ: ನೀರು ಹಾಕದ, ಸೀಲ್ ಆದ ಎಜಿಎಂ (ಗಾಜಿನ ನಾರಿನ ಹಾಸಿನಲ್ಲಿ ಆಸಿಡ್ ಹೀರಿಸಿಟ್ಟ) ಬ್ಯಾಟರಿ ಹಾಕಿಸಿದೆ. ಗಾಳಿಯ ಚಿಂತೆ ಬಿಡಬಹುದಲ್ಲ?

ಉತ್ತರ: ಬಿಡುವಂತಿಲ್ಲ. ಸರಿಯಾದ ವೋಲ್ಟೇಜಿನಲ್ಲಿ ಅದು ತನ್ನ ಗ್ಯಾಸನ್ನು ಒಳಗೇ ಮತ್ತೆ ನೀರಾಗಿಸಿಕೊಳ್ಳುತ್ತದೆ, ನಿಜ. ಚಾರ್ಜರ್ ಕೆಟ್ಟು ಒತ್ತಡ ಏರಿದರೆ ಒಳಗಿನ ವಾಲ್ವ್ ತೆರೆದು ಅದೇ ಹೈಡ್ರೋಜನ್ ಹೊರಬರುತ್ತದೆ. ಹಾಗೆ ಹೋದ ನೀರನ್ನು ತುಂಬಿಸಲು ದಾರಿಯೂ ಇಲ್ಲ.

ಪ್ರಶ್ನೆ: ಎಂಜಿನ್ ಒಂದು ಗಂಟೆ ಓಡಿಸಿದರೂ ಬ್ಯಾಟರಿ ತುಂಬುವುದೇ ಇಲ್ಲ. ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ) ದೊಡ್ಡದು ಹಾಕಿಸಲೇ?

ಉತ್ತರ: ಮೊದಲು ಮೀಟರ್ ಹಿಡಿಯಿರಿ. ಎಂಜಿನ್ ಓಡುವಾಗ ಆಲ್ಟರ್ನೇಟರಿನ ಮೇಲೆ 14.4, ಬ್ಯಾಟರಿ ಟರ್ಮಿನಲ್ ಮೇಲೆ 13.7 ಬಂತೆನ್ನಿ. ನಡುವೆ 0.7 ವೋಲ್ಟ್ ಎಲ್ಲೋ ಸೋರುತ್ತಿದೆ. ಉಪ್ಪುಗಾಳಿಗೆ ಹಸಿರು ಪುಡಿ ಹಿಡಿದ ಲಗ್ (ಕೇಬಲ್ ತುದಿಯ ಲೋಹದ ಬಳೆ), ಸಡಿಲ ನಟ್, ಸಣ್ಣ ಗಾತ್ರದ ಕೇಬಲ್, ಈ ಮೂರನ್ನು ಹುಡುಕಿ. ಅಲ್ಲೆಲ್ಲ ಸರಿಯಿದ್ದರೂ ಕೊನೆಯ 20% ತುಂಬಲು ಗಂಟೆಗಟ್ಟಲೆ ಬೇಕು; ಬ್ಯಾಟರಿಯೇ ಕರೆಂಟ್ ತೆಗೆದುಕೊಳ್ಳುವುದನ್ನು ಕಡಿಮೆ ಮಾಡುತ್ತದೆ, ಆಲ್ಟರ್ನೇಟರ್ ಎಷ್ಟು ದೊಡ್ಡದಾದರೇನು? ಆ ಕೆಲಸವನ್ನು ಕಂಟ್ರೋಲರ್ ಇರುವ ಸೋಲಾರ್ ಪ್ಯಾನೆಲ್‌ಗೆ ಬಿಡಿ. ಅರೆಬರೆ ಚಾರ್ಜಿನಲ್ಲೇ ವಾರಗಟ್ಟಲೆ ಇಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಅಂದಹಾಗೆ, ಎಂಜಿನ್ ಓಡುವಾಗ ಬ್ಯಾಟರಿ ಸ್ವಿಚ್ ಆಫ್ ಮಾಡಬೇಡಿ. ಆಲ್ಟರ್ನೇಟರಿನ ಡಯೋಡ್ ಸುಡಬಹುದು.

ಪ್ರಶ್ನೆ: ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜಿಗೆ ಮೊದಲೋ, ಆಮೇಲೋ?

ಉತ್ತರ: ಆಮೇಲೆ. ಚಾರ್ಜ್ ಆಗುವಾಗ ಆಸಿಡ್ ಮಟ್ಟ ಏರುತ್ತದೆ, ಮೊದಲೇ ತುಂಬಿಸಿದರೆ ಉಕ್ಕುತ್ತದೆ. ಪ್ಲೇಟ್ ಹೊರಗೆ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಿ. ಚೆಲ್ಲಿದ ಆಸಿಡ್‌ಗೆ ಅಡುಗೆ ಸೋಡಾ ಕದಡಿದ ನೀರು ಹತ್ತಿರವಿರಲಿ. ಅದು ಸೆಲ್‌ನೊಳಗೆ ಹೋಗಬಾರದು. ಸಮುದ್ರದ ನೀರು ಕೂಡ ಬ್ಯಾಟರಿಯ ಹತ್ತಿರ ಸುಳಿಯಬಾರದು. ಅದರ ಉಪ್ಪಿನಿಂದ ಕ್ಲೋರಿನ್ ಗ್ಯಾಸ್ ಹುಟ್ಟುತ್ತದೆ, ಹಾಗಾಗಿ ದೋಣಿಯ ತಳದಲ್ಲಿ ನೀರು ನಿಲ್ಲುವ ಮಟ್ಟಕ್ಕಿಂತ ಪೆಟ್ಟಿಗೆ ಮೇಲಿರಲಿ, ಅಲೆಗೆ ಅಲುಗದಂತೆ ಪಟ್ಟಿ ಬಿಗಿದಿರಲಿ.