ಅಕ್ಕೋರ ಫೋನಿನಲ್ಲಿ 38 ಮಕ್ಕಳು

ಹೊಸನಗರ ತಾಲ್ಲೂಕಿನ ಸರ್ಕಾರಿ ಶಾಲೆಯ ಟೀಚರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಶಾಲೆಯ 38 ಮಕ್ಕಳ ಆಧಾರ್, ಪಾಸ್‌ಬುಕ್, ಜಾತಿ-ಆದಾಯ ಸರ್ಟಿಫಿಕೇಟ್ ಎಲ್ಲದರ ಫೋಟೊ ಇರುವುದು ಅವರ ಸ್ವಂತ ಫೋನಿನಲ್ಲಿ. ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲ. ಶನಿವಾರ ಪೇಟೆಯ ಸೈಬರ್ ಸೆಂಟರಿಗೆ ಹೋಗಿ, ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಮಾಹಿತಿ ಜಾಲತಾಣ ಸ್ಯಾಟ್ಸ್‌ಗೆ ಮಾಹಿತಿ ತುಂಬುತ್ತಾರೆ. ಹೋದ ತಿಂಗಳು ಮನೆಗೆ ನೆಂಟರು ಬಂದಿದ್ದರು. ಟಿವಿಯಲ್ಲಿ ಮದುವೆ ಫೋಟೊ ನೋಡುತ್ತಿದ್ದಾಗ, ನಡುವೆ ಐದನೇ ಕ್ಲಾಸಿನ ಹುಡುಗಿಯ ಪಾಸ್‌ಬುಕ್ ಬಂದುಬಿಟ್ಟಿತಂತೆ. ಅದೇ ಊರಿನ ನೆಂಟರೊಬ್ಬರು "ಅಯ್ಯೋ, ಇವರ ಮನೇಲಿ ಇಷ್ಟೇ ದುಡ್ಡಾ" ಎಂದು ನಕ್ಕರಂತೆ. "ನಾನು ಮಾಡಿದ್ದು ಅಪರಾಧವಾ?" ಇದು ಅವರ ಪ್ರಶ್ನೆ.

ಅಕ್ಕೋರೇ, ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಕದ್ದಿಲ್ಲ, ಮಾರಿಲ್ಲ. ಮೇಲಿನವರು ನಾಳೆ ಬೆಳಿಗ್ಗೆಯೊಳಗೆ ಕೊಡಿ ಅಂದರು, ಕೈಯಲ್ಲಿ ಇದ್ದದ್ದು ನಿಮ್ಮ ಫೋನು. ಹಾಗಂತ ತಪ್ಪೇ ಆಗಿಲ್ಲ ಅಂತಲೂ ನಾನು ಹೇಳಲಾರೆ. ಆ ಹುಡುಗಿಯ ಅಪ್ಪ ಪಾಸ್‌ಬುಕ್ ಕೊಟ್ಟದ್ದು ಸ್ಕಾಲರ್‌ಶಿಪ್ಪಿಗೆ, ನಿಮ್ಮ ನೆಂಟರಿಗಲ್ಲ ಅಲ್ವಾ?

ಅದು ಟಿವಿಗೆ ಹೋದದ್ದು ಹೇಗೆ ಅಂತ ಹೇಳುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ತಾನಾಗಿಯೇ ಗ್ಯಾಲರಿಗೆ ಹೋಗಿ ಕೂರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಆ ಫೋಲ್ಡರಿಗೂ ಬ್ಯಾಕಪ್ ಆನ್ ಇದ್ದರೆ ಅಲ್ಲಿಂದ ನಿಮ್ಮ ಖಾತೆಗೆ ಏರುತ್ತದೆ. ಅದೇ ಖಾತೆ ಟಿವಿಯಲ್ಲಿ, ಮಗನ ಟ್ಯಾಬಿನಲ್ಲಿ ಇದ್ದರೆ ಅಲ್ಲೂ ಕಾಣಿಸುತ್ತದೆ. ನೀವು ಡಿಲೀಟ್ ಒತ್ತಿದರೂ ಬ್ಯಾಕಪ್ ಆದ ಫೋಟೊ 60 ದಿನ ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ. ಆ ಬುಟ್ಟಿಯನ್ನೂ ಖಾಲಿ ಮಾಡಿ. ಇವತ್ತೇ ಮಾಡಿ, ಮುಂದಿನ ಸಾಲು ಆಮೇಲೆ ಓದಿದರೂ ಆದೀತು.

ನಾವು ಓದುವಾಗ ದಾಖಲಾತಿ ರಿಜಿಸ್ಟರ್ ಹೆಡ್‌ಮಾಸ್ಟರ ಬೀರುವಿನಲ್ಲಿ ಇರುತ್ತಿತ್ತು. ಬೀಗದ ಕೈ ಅವರ ಜೇಬಿನಲ್ಲಿ. ಟಿಸಿ ಬರೆಯುವಾಗ ಮಾತ್ರ ಅದು ಮೇಜಿನ ಮೇಲೆ ಬರುತ್ತಿತ್ತು. ಮನೆಗೆ ಒಯ್ಯುವ ಮಾತೇ ಇರಲಿಲ್ಲ. ಈಗ ಅದೇ ರಿಜಿಸ್ಟರು ಐದಾರು ಕಡೆ ಬಾಯಿ ತೆರೆದುಕೊಂಡು ಬಿದ್ದಿದೆ. ನಿಮ್ಮ ಫೋನು, ಪೆನ್‌ಡ್ರೈವು, ಪೋಷಕರ ಗ್ರೂಪು, ಸೈಬರ್ ಸೆಂಟರಿನ ಡೌನ್‌ಲೋಡ್ ಫೋಲ್ಡರು.

ಹಾಗಂತ ಕಾಗದದ ಕಾಲವೆಲ್ಲ ಚೆನ್ನಾಗಿತ್ತು ಅಂತ ಅಲ್ಲ. ಒಮ್ಮೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಗೊಂಡೆ. ತಿಂದು ಪೊಟ್ಟಣ ಬಿಡಿಸಿದರೆ ಯಾವುದೋ ಶಾಲೆಯ ಅಡ್ಮಿಷನ್ ಅರ್ಜಿ. ಮಗುವಿನ ಹೆಸರು, ಹುಟ್ಟಿದ ದಿನ, ಜಾತಿ, ಅಪ್ಪನ ಮೊಬೈಲ್ ನಂಬರು. ಎಣ್ಣೆ ಹತ್ತಿದ್ದರೂ ಎಲ್ಲ ಓದಲು ಬರುತ್ತಿತ್ತು. ಹರಿದು ಹಾಕಿದೆ, ಅಲ್ಲಿಗೆ ಮುಗಿಯಿತು. ಫೋನಿನದ್ದು ಹಾಗೆ ಮುಗಿಯುವುದಿಲ್ಲ, ಎಷ್ಟು ಪ್ರತಿ ಇವೆ ಅನ್ನುವುದೇ ಗೊತ್ತಾಗುವುದಿಲ್ಲ.

ಇನ್ನು ಕಾನೂನು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಕೇಸು ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಇಲ್ಲವೆಂದು ಮಗುವಿಗೆ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಅನ್ನುವುದು 2018ರ ತೀರ್ಪು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ, ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಲಮುಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಈ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಮಾಹಿತಿ ಜೋಪಾನ ಮಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಹೆದರಬೇಡಿ, ಅದು ಮಾಹಿತಿ ಇಟ್ಟುಕೊಳ್ಳುವ ಸಂಸ್ಥೆಯ ತಲೆ ಮೇಲೆ. ಆದರೆ ಸಂಸ್ಥೆ ಅಂದರೆ ನಿಮ್ಮೂರಲ್ಲಿ ಯಾರು? ಮೂರು ಜನ ಟೀಚರು, ಒಂದು ಫೋನು. ಶಾಲೆಗೆ ಒಂದು ಕಂಪ್ಯೂಟರು, ಒಂದು ನೆಟ್ ಸಂಪರ್ಕ ಕೊಡದೆ ಮಾಹಿತಿ ಮಾತ್ರ ಆನ್‌ಲೈನ್ ಕೇಳುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಕಂಪ್ಯೂಟರು, ನೆಟ್ಟು ಬರುವವರೆಗೆ ಏನು ಮಾಡಬಹುದು? ಫೋಟೊ ಹೊಡೆಯುವುದನ್ನೇ ಬಿಡಿ. ದಪ್ಪ ರಟ್ಟಿನ ಒಂದು ನೋಟ್‌ಬುಕ್ ಇಡಿ. ಪೋಷಕರು ದಾಖಲೆ ತಂದಾಗ ಬೇಕಾದ ನಂಬರ್ ಮಾತ್ರ ಬರೆದುಕೊಂಡು ಅಲ್ಲೇ ವಾಪಸ್ ಕೊಡಿ. ಪುಸ್ತಕ ಬೀರುವಿನಲ್ಲಿರಲಿ, ಶನಿವಾರ ನಿಮ್ಮ ಬ್ಯಾಗಿನಲ್ಲಿ ಪೇಟೆಗೆ ಹೋಗಿ ಬರಲಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಸುತ್ತಿ, ಅಷ್ಟೇ. ನೆಟ್‌ವರ್ಕ್ ಇಲ್ಲದ ಊರಿಗೆ ಇದು ಫೋನಿಗಿಂತ ಭದ್ರ ಅನ್ನುವುದು ನನ್ನ ಲೆಕ್ಕ.

ಸೈಬರ್ ಸೆಂಟರಿನಲ್ಲಿ ಪಾಸ್‌ವರ್ಡ್ ನೀವೇ ಒತ್ತಿ. "ಮೇಡಂ, ನಂಗೆ ಹೇಳಿ, ಬೇಗ ಆಗುತ್ತೆ" ಅನ್ನುವ ಹುಡುಗ ಒಳ್ಳೆಯವನೇ ಇರಬಹುದು, ಆದರೂ ಬೇಡ. ಬ್ರೌಸರ್ "ಸೇವ್ ಮಾಡಲಾ" ಅಂದರೆ ಬೇಡ ಅನ್ನಿ. ಲಾಗೌಟ್ ಮಾಡಿ, ಇಳಿಸಿದ ಫೈಲ್ ಅಳಿಸಿ ಏಳಿ. ಅಪಾರ್ ಐಡಿಗೆ (ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ) ಪೋಷಕರ ಒಪ್ಪಿಗೆ ಪತ್ರ ತಗೋತೀರಲ್ಲ, ಅದನ್ನು ಓದಿ ಹೇಳಿ ಸಹಿ ಹಾಕಿಸಿ. ನಮ್ಮ ಕಡೆ ಅಕ್ಕೋರು ಕೊಟ್ಟ ಕಾಗದ ಅಂದರೆ ಅಮ್ಮಂದಿರು ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ.

ಗ್ರೂಪಿನಲ್ಲಿ ಎಲ್ಲರ ಅಂಕ ಒಟ್ಟಿಗೆ ಹಾಕುವುದೂ ನಿಲ್ಲಲಿ. ಹತ್ತು ಅಂಕ ಬಂದ ಹುಡುಗನ ಮನೆಯಲ್ಲಿ ಆ ರಾತ್ರಿ ಏನಾಗುತ್ತದೆ ಅಂತ ನಿಮಗೇ ಚೆನ್ನಾಗಿ ಗೊತ್ತು. "ನಿಮ್ಮ ಮಗಳು ಇಂಥ ಕ್ಲಾಸು ಅಲ್ವಾ, ಸ್ಕಾಲರ್‌ಶಿಪ್ ಬಂದಿದೆ, ಓಟಿಪಿ ಹೇಳಿ" ಅಂತ ಫೋನ್ ಮಾಡುವ ಕಳ್ಳರಿಗೂ ಇಂಥ ಪಟ್ಟಿಗಳೇ ಬೇಕು. ಮಗಳ ಹೆಸರು, ಕ್ಲಾಸು ಸರಿಯಾಗಿ ಹೇಳಿದರೆ ಯಾವ ಅಪ್ಪ ನಂಬುವುದಿಲ್ಲ? ಯಾರಾದರೂ ಹಾಗೆ ದುಡ್ಡು ಕಳಕೊಂಡರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ.

ಆ ಹುಡುಗಿಯ ಅಪ್ಪನಿಗೆ ವಿಷಯ ಹೇಳಬೇಕಾ ಅಂತಲೂ ಕೇಳಿದ್ದೀರಿ. ಹೇಳಿಬಿಡಿ. ನಿಮ್ಮ ನೆಂಟರ ಬಾಯಿಂದ ಕೇಳುವುದಕ್ಕಿಂತ ಅದು ಮೇಲು.

ನಿಮ್ಮ ಪತ್ರ ಓದಿದ ಮೇಲೆ ನಮ್ಮ ಪತ್ರಿಕೆಯ ಹಳೆ ಸಂಚಿಕೆಗಳನ್ನು ತೆಗೆದು ನೋಡಿದೆ. ಮಕ್ಕಳ ಹುಟ್ಟುಹಬ್ಬದ ಪುಟ. ಫೋಟೊ, ಹುಟ್ಟಿದ ತಾರೀಕು, ಅಪ್ಪ-ಅಮ್ಮನ ಹೆಸರು, ಶಾಲೆ, ಊರು, ಅಂಚೆ. ಇಷ್ಟು ವರ್ಷ ನಾನೇ ತಿದ್ದಿ, ಪ್ರೂಫ್ ನೋಡಿ ಅಚ್ಚಿಗೆ ಕಳಿಸಿದ್ದೇನೆ. ಮುಂದಿನ ಸಂಚಿಕೆಯಿಂದ ಮಗುವಿನ ಹೆಸರು ಮತ್ತು ತಾಲ್ಲೂಕು ಮಾತ್ರ ಹಾಕುತ್ತೇವೆ. ಫೋಟೊ ಕಳಿಸಿ ಕಾಯುತ್ತಿರುವ ಅಜ್ಜ-ಅಜ್ಜಿಯರು ನನ್ನ ಮೇಲೆ ಬೇಜಾರು ಮಾಡಿಕೊಳ್ಳಬಾರದು.

— ಸಂ.