ಬದಿಯಡ್ಕದ ಅಕ್ಕನ ಕರಾಟೆ ಪ್ರಶ್ನೆಗೆ

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ಹನ್ನೊಂದು ವರ್ಷದ ಮಗಳು ಕರಾಟೆ ಕ್ಲಾಸಿಗೆ ತಡವಾಗಿ ಬಂದರೆ 200 ಬಸ್ಕಿ, ಮುಗಿಯುವವರೆಗೆ ನೀರಿಲ್ಲ, ಎರಡೆರಡು ತಿಂಗಳಿಗೆ ಬೆಲ್ಟ್ ಟೆಸ್ಟು, ಕಳರಿಗೆ (ಕೇರಳದ ಕಳರಿಪಯಟ್ಟು ಕಲಿಸುವ ಕಡೆಗೆ) ಸೇರಿಸಿದರೆ ಇಲ್ಲಿಗೆ ಬರುವುದು ಬೇಡ ಅಂತ ಮಾಸ್ಟ್ರು. ಇದೆಲ್ಲ ಮಾಮೂಲಾ ಅಂತ ಕೇಳಿದ್ದೀರಿ.

ಮೊದಲು ಬಸ್ಕಿ ಮತ್ತು ನೀರು. ಉಳಿದದ್ದು ದುಡ್ಡಿನ ಮಾತು, ಆಮೇಲೆ ನೋಡಿಕೊಳ್ಳಬಹುದು. ಅಭ್ಯಾಸ ಇಲ್ಲದ ಮಕ್ಕಳಿಗೆ ಒಂದೇ ಸಲ ಇಷ್ಟು ಬಸ್ಕಿ ಹೊಡೆಸಿದರೆ ತೊಡೆಯ ಮಾಂಸಖಂಡ ಒಡೆದು, ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟಾಗಬಹುದು. ನೀರು ಕುಡಿಯದೆ ಸೆಕೆಯಲ್ಲಿ ಬೆವರಿದ್ದರೆ ಅಪಾಯ ಇನ್ನೂ ಜಾಸ್ತಿ. ತೊಡೆ ಊದಿ, ಮೆಟ್ಟಿಲು ಇಳಿಯಲಾರದಷ್ಟು ನೋವಿದ್ದರೆ, ಇಲ್ಲವೇ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದರೆ ಎಣ್ಣೆ ತಿಕ್ಕಿ ಮಲಗಿಸಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೀರು ಕುಡಿದರೆ ಸ್ಟ್ಯಾಮಿನಾ ಹೋಗುತ್ತದೆ ಅನ್ನುವುದು ಸುಮ್ನೆ ಮಾತು. ಏಪ್ರಿಲಿನಲ್ಲಿ ನಮ್ಮ ಕಡೆ ಶೀಟಿನ ಮಾಡಿನ ಕೆಳಗೆ ಕೂತರೇ ಬೆವರಿಳಿಯುತ್ತದೆ, ಅಲ್ವಾ?

ಹಾಗಂತ ಕಟ್ಟುನಿಟ್ಟೇ ಬೇಡ ಅಂತಲ್ಲ. ಕಳರಿಯಲ್ಲಿ ಮೈತ್ತಾರಿ, ಅಂದರೆ ಬರಿಮೈ ಪಳಗಿಸುವ ಕಸರತ್ತು, ಪಳಗದೆ ಕೋಲು ಕೈಗೆ ಕೊಡುವುದಿಲ್ಲ, ಕೋಲು ಪಳಗದೆ ಕತ್ತಿ ಗುರಾಣಿ ಇಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಉಳಿಚ್ಚಿಲ್ (ಎಣ್ಣೆ ತಿಕ್ಕುವ ಚಿಕಿತ್ಸೆ) ಮಾಡಿಸಿಕೊಂಡವರು ಪಥ್ಯ ಇರಬೇಕು. ಮಕ್ಕಳಿಗೆ ಬೇಜಾರಾಗುತ್ತದೆ, ಆದರೆ ಅದರಿಂದ ಮಕ್ಕಳ ಮೈಯೇ ಉಳಿಯುತ್ತದೆ. ನಿಮ್ಮ ಮಾಸ್ಟ್ರ ಬಸ್ಕಿಯಿಂದ ಯಾರಿಗೆ ಏನು ಲಾಭ? ಅದೂ ನಮ್ಮ ಬಸ್ಸುಗಳನ್ನು ನಂಬಿ ಬರುವ ಮಗುವಿಗೆ!

ಬೆಲ್ಟಿನ ವಿಷಯಕ್ಕೆ ಬಂದರೆ, "ಇದು ಸಂಪ್ರದಾಯ" ಅಂದರೆ ಹೆದರಬೇಡಿ. ಕಾದಾಟದ ಕಲೆಗಳಲ್ಲಿ ಡಾನ್ ಪದವಿ, ಅಂದರೆ ಬ್ಲ್ಯಾಕ್ ಬೆಲ್ಟಿನ ಮಟ್ಟ, ಶುರುವಾದದ್ದು ಜೂಡೋದಲ್ಲಿ, 1883ರಲ್ಲಿ, ಜೂಡೋ ಕಟ್ಟಿದ ಕಾನೋ ಜಿಗೋರೋ ಅವರಿಂದ. ಕರಾಟೆಯಲ್ಲಿ ಜಪಾನಿನ ಗುರು ಫುನಾಕೋಶಿ ಮೊದಲ ಡಾನ್ ಕೊಟ್ಟದ್ದು 1924ರಲ್ಲಿ. ಬಣ್ಣಬಣ್ಣದ ಬೆಲ್ಟು ಆಮೇಲೆ ಬಂದದ್ದು. ಮಗು ಕಲಿತಾಗ ಟೆಸ್ಟು ಇರಲಿ, ಕ್ಯಾಲೆಂಡರ್ ನೋಡಿ ಯಾಕೆ? ಟೇಕ್ವಾಂಡೋದಲ್ಲಿ ಮೊದಲ ಡಾನ್‌ನಿಂದ ಎರಡನೆಯದಕ್ಕೆ ಹೋಗಲು ಕೊರಿಯಾದಲ್ಲಿರುವ ಅದರ ಮುಖ್ಯ ಕೇಂದ್ರ ಕುಕ್ಕಿವಾನ್ ಕಡಿಮೆ ಅಂದರೆ ಒಂದು ವರ್ಷ ಕಾಯಿಸುತ್ತದೆ. ಬ್ಲ್ಯಾಕ್ ಬೆಲ್ಟಿನವರೆಗೆ ಎಷ್ಟು ಟೆಸ್ಟು, ಒಂದೊಂದಕ್ಕೆ ಎಷ್ಟು ಫೀಸು, ಸರ್ಟಿಫಿಕೇಟು ಯಾರದ್ದು ಅಂತ ವಾಟ್ಸಾಪಿನಲ್ಲಿ ಬರೆದು ಕಳಿಸಲು ಹೇಳಿ. ಬಾಯಿಮಾತಿನ ಲೆಕ್ಕ ನಂಬಬೇಡಿ.

ಕಳರಿಗೆ ಹೋಗಬಾರದು ಅನ್ನುವುದರಲ್ಲಿ ಸ್ವಲ್ಪ ನ್ಯಾಯ ಇದೆ. ಎರಡೂ ಕಡೆ ಕಾಲಿಟ್ಟು ನಿಲ್ಲುವ ರೀತಿ ಬೇರೆ, ಹೊಸಬರಿಗೆ ಗಲಿಬಿಲಿ ಆಗುತ್ತದೆ. ಆರು ತಿಂಗಳು ತಡೆಯಿರಿ ಅಂದರೆ ಒಪ್ಪಬಹುದು. ಹೆಸರೇ ತೆಗೆಯುತ್ತೇನೆ ಅಂದರೆ ಅದು ಗಿರಾಕಿ ಕೈತಪ್ಪುವ ಭಯ, ಅಷ್ಟೇ. ಕೇರಳದ ವಡಗರದ ಕಳರಿ ಗುರು ಮೀನಾಕ್ಷಿ ಅಮ್ಮ, 2017ರಲ್ಲಿ ಪದ್ಮಶ್ರೀ ಬಂದವರು, ಅವರ ಕಳರಿಯಲ್ಲಿ ಇಷ್ಟೇ ಅಂತ ಫೀಸಿಲ್ಲ, ಶಿಷ್ಯರು ಕೊಟ್ಟದ್ದೇ ದಕ್ಷಿಣೆ. ಎಲ್ಲರಿಗೂ ಹಾಗೆ ನಡೆಸಲಾಗದು, ಮಾಸ್ಟ್ರಿಗೂ ಬಾಡಿಗೆ ಕಟ್ಟಬೇಕಲ್ಲ.

ಈ ವಾರ ನೀರಿನ ಬಾಟಲಿ ಕೊಟ್ಟು ಕಳಿಸಿ, ನೀವೂ ಹೋಗಿ ಒಂದು ಕ್ಲಾಸು ಪೂರ್ತಿ ಕೂತು ನೋಡಿ. ಬಸ್ಕಿ ಬೇಡ ಅಂತ ಮಾಸ್ಟ್ರನ್ನು ಮಕ್ಕಳೆದುರು ಅಲ್ಲ, ಬದಿಗೆ ಕರೆದು ಹೇಳಿ. ಹೆತ್ತವರು ಒಳಗೆ ಬರಬಾರದು ಅಂದರೆ ಮಾತು ಬೆಳೆಸದೆ ಮಗಳನ್ನು ಕರೆದುಕೊಂಡು ಬನ್ನಿ. ಹೊಡೆತ, ಕೆಟ್ಟ ಮಾತು, ಮುಟ್ಟುವುದು ಏನಾದರೂ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕೊಂಡ ಡ್ರೆಸ್ಸು ದಂಡ ಆಯಿತು ಅಂತ ಚಿಂತೆ ಬೇಡ. ಎದೆಯ ಬ್ಯಾಡ್ಜು ಬಿಚ್ಚಿದರೆ ಬೇರೆ ಕ್ಲಾಸಿಗೂ ಆಗುತ್ತದೆ.